ಹನೋಯ್‌ನಲ್ಲಿ ಫೋ: ಅಂಗಡಿ ಆರಿಸುವ ಮುನ್ನ ಕೇಳಿಕೊಳ್ಳಬೇಕಾದದ್ದು

ವಿಯೆಟ್ನಾಂ ಪ್ರವಾಸಕ್ಕೆ ಹೊರಟ ಪರಿಚಿತರು ಹನೋಯ್ ನಗರದ ಬಗ್ಗೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಅಲ್ಲಿ ಎಲ್ಲಕ್ಕಿಂತ ಒಳ್ಳೆಯ ಫೋ ಸಿಗುವ ಅಂಗಡಿ ಯಾವುದು? ಫೋ ಎಂದರೆ ಬಿಸಿ ಸಾರಿನಲ್ಲಿ ಅಕ್ಕಿಯ ಎಳೆಗಳನ್ನೂ ಮಾಂಸವನ್ನೂ ಹಾಕಿ ಬಟ್ಟಲಿನಲ್ಲಿ ಕೊಡುವ ತಿನಿಸು. ಬೆಂಗಳೂರಿನಲ್ಲಿ ಒಳ್ಳೆಯ ದೋಸೆ ಎಲ್ಲಿ ಸಿಗುತ್ತದೆಂದು ಯಾರಾದರೂ ಕೇಳಿದರೆ, ಬೆಣ್ಣೆ ದೋಸೆಯೋ, ಸೆಟ್ ದೋಸೆಯೋ, ಮಸಾಲೆ ದೋಸೆಯೋ ಎಂದು ನಾವು ಮೊದಲು ತಿರುಗಿ ಕೇಳುತ್ತೇವೆ. ಫೋ ವಿಚಾರವೂ ಹಾಗೆಯೇ. ಹನೋಯ್‌ನ ಹೆಸರಾಂತ ಅಂಗಡಿಗಳು ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತಿನಿಸುಗಳನ್ನು ಮಾಡುತ್ತವೆ. ಆದ್ದರಿಂದ ಯಾರೋ ಮಾಡಿಟ್ಟ ಪಟ್ಟಿಯನ್ನು ಹಿಡಿದು ಮೊದಲ ಸ್ಥಾನದ ಅಂಗಡಿಯ ಮುಂದೆ ಹೋಗಿ ನಿಲ್ಲುವ ಬದಲು, ತಮಗೆ ಯಾವ ಮಾಂಸ ಆಗುತ್ತದೆ, ಎಷ್ಟು ಜಿಡ್ಡು ಆಗುತ್ತದೆ, ಯಾವ ಹೊತ್ತಿಗೆ ತಿನ್ನಲು ಹೋಗುತ್ತೇವೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡವರಿಗೆ ಅಂಗಡಿಯ ಆಯ್ಕೆ ಕಷ್ಟವಾಗುವುದಿಲ್ಲ.

ದನದ ಮಾಂಸದ ಫೋ ಮಾಡುವ ಎಲ್ಲ ಅಂಗಡಿಗಳಿಗೂ ಸಮಾನವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ದನದ ಎಲುಬುಗಳನ್ನು ಹಲವಾರು ಗಂಟೆಗಳ ಕಾಲ ಸಣ್ಣ ಉರಿಯಲ್ಲಿ ಬೇಯಿಸಿ, ಮೇಲೆ ಬರುವ ನೊರೆಯನ್ನು ತೆಗೆಯುತ್ತಾ, ಬೆಂಕಿಯಲ್ಲಿ ಸುಟ್ಟು ಸಿಪ್ಪೆ ಕೆರೆದ ಶುಂಠಿ ಮತ್ತು ಈರುಳ್ಳಿ, ಹುರಿದ ಚಕ್ಕೆ, ಚಕ್ರಮೊಗ್ಗು, ಹೊಗೆಯ ವಾಸನೆಯ ಕಪ್ಪು ಏಲಕ್ಕಿಗಳನ್ನು ಹಾಕಿ ಇಳಿಸಿದ ತಿಳಿ ಸಾರೇ ಇದರ ಜೀವ. ನಾವು ಬಿರಿಯಾನಿಗೆ ಹಾಕುವ ಅದೇ ಚಕ್ರಮೊಗ್ಗು ಚೀನಾ ಗಡಿಗೆ ಹೊಂದಿದ ಲಾಂಗ್ ಸನ್ ಪ್ರಾಂತ್ಯದಲ್ಲಿ ಹೇರಳವಾಗಿ ಬೆಳೆಯುತ್ತದೆ. ಆದರೆ ಫೋ ಸಾರಿನಲ್ಲಿ ಮಸಾಲೆ ಮೂಗಿಗೆ ತಾಗಬೇಕೇ ಹೊರತು ನಾಲಿಗೆಗೆ ತಾಗಬಾರದು. ಉಪ್ಪಿನ ಕೆಲಸದಲ್ಲಿ ಒಂದು ಪಾಲನ್ನು, ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ಮೀನಿನ ರಸ ಮಾಡುತ್ತದೆ. ಬಟ್ಟಲಿನ ತಳದಲ್ಲಿರುವ ಅಕ್ಕಿಯ ಎಳೆಗಳು ನಮ್ಮ ಒತ್ತು ಶಾವಿಗೆಯ ಹಾಗೆ ಒರಳಿನಿಂದ ಒತ್ತಿದವಲ್ಲ. ರುಬ್ಬಿದ ಅಕ್ಕಿಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಆ ಹಾಳೆಯನ್ನು ಇನ್ನೂ ಹಸಿಯಾಗಿರುವಾಗಲೇ ಉದ್ದನೆಯ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಎಲೆ ಸಂಡಿಗೆ ಮಾಡಿದ ಮನೆಯವರಿಗೆ ಈ ಕೆಲಸದ ಮೊದಲರ್ಧ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟರವರೆಗೆ ಎಲ್ಲರದೂ ಒಂದೇ ದಾರಿ. ಬಟ್ಟಲು ಗಿರಾಕಿಯ ಕೈಸೇರುವ ಮುಂಚಿನ ಕೊನೆಯ ನಿಮಿಷದಲ್ಲಿ ಮಾಂಸಕ್ಕೆ ಏನು ಮಾಡುತ್ತಾರೆ ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ. ಹಸಿ ಮಾಂಸದ ತೆಳು ಹೋಳುಗಳನ್ನು ಇಟ್ಟು ಕುದಿಯುವ ಸಾರಿನ ಬಿಸಿಯಲ್ಲಿಯೇ ಬೇಯಲು ಬಿಟ್ಟರೆ ಅದು ‘ತಾಯ್’. ಮೊದಲೇ ಸಾರಿನಲ್ಲಿ ಪೂರ್ತಿ ಬೆಂದು ತಣಿದ ಮಾಂಸವನ್ನು ಹೋಳು ಮಾಡಿ ಹಾಕಿದರೆ ‘ಚಿನ್’. ಪಕ್ಕೆಯ ಮಾಂಸ ‘ನಾಮ್’, ಎದೆಯ ಭಾಗದ ಕೊಬ್ಬು ಸೇರಿದ ಮಾಂಸ ‘ಗೌ’. ಬಾಣಲೆಯಲ್ಲಿ ಬೆಳ್ಳುಳ್ಳಿಯೊಂದಿಗೆ ದೊಡ್ಡ ಉರಿಯಲ್ಲಿ ಕ್ಷಣಕಾಲ ಹುರಿದು ಹಾಕಿದರೆ ‘ತಾಯ್ ಲಾನ್’. ಮಾಂಸದ ಹೆಸರುಗಳೆಂದು ಇವನ್ನು ಉರುಹೊಡೆದರೆ ಸಾಲದು. ಇವುಗಳಲ್ಲಿ ಪ್ರತಿಯೊಂದೂ ಸಾರಿನ ರುಚಿಯನ್ನು ಬೇರೆ ಕಡೆಗೆ ಎಳೆಯುತ್ತದೆ.

ಬಾತ್ ದಾನ್ ಬೀದಿಯ 49ನೇ ಸಂಖ್ಯೆಯ ಅಂಗಡಿಯಿಂದ ಆರಂಭಿಸುವುದು ಸರಿ. ಇದರ ಫಲಕದ ಮೇಲೆ ‘ಫೋ ಜಾ ಚುಯೆನ್’ ಎಂದಿದೆ. ಅದಕ್ಕೆ ವಂಶಪಾರಂಪರ್ಯವಾಗಿ ಬಂದ ಫೋ ಎಂದಷ್ಟೇ ಅರ್ಥ. ಅದೇ ಮಾತನ್ನು ನಗರದ ನೂರಾರು ಅಂಗಡಿಗಳು ಫಲಕದ ಮೇಲೆ ಬರೆಸಿಕೊಂಡಿರುವುದರಿಂದ ಹೆಸರನ್ನು ನಂಬದೆ ಮನೆಯ ಸಂಖ್ಯೆಯನ್ನು ನೋಡಿಕೊಳ್ಳಬೇಕು. ಇಲ್ಲಿ ಸಾಲಿನಲ್ಲಿ ನಿಲ್ಲಬೇಕು, ಮೊದಲು ಹಣ ಕೊಡಬೇಕು, ಬಟ್ಟಲನ್ನು ತಾವೇ ಹೊತ್ತು ಮೇಜು ಹುಡುಕಬೇಕು. ಬಾಗಿಲ ಪಕ್ಕದಲ್ಲಿಯೇ ಬೆಂದ ಮಾಂಸದ ದೊಡ್ಡ ತುಂಡುಗಳು ತೂಗುತ್ತಿರುತ್ತವೆ. ಮರದ ದಿಮ್ಮಿಯ ಮೇಲೆ ಅಗಲವಾದ ಮಚ್ಚುಗತ್ತಿ ಆಡುತ್ತಿರುತ್ತದೆ. ಎಳೆಗಳು, ಮಾಂಸ, ಈರುಳ್ಳಿ ಸೊಪ್ಪು, ಕೊನೆಗೆ ಒಂದು ದೊಡ್ಡ ಸೌಟು ಸಾರು, ಇಷ್ಟಾಗುವುದರೊಳಗೆ ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದಿರುತ್ತಾರೆ. ಬಟ್ಟಲು ಅಂಚಿನವರೆಗೆ ತುಂಬಿರುವುದರಿಂದ ಮೊದಲ ಸಲ ಹೋದವರ ಹೆಬ್ಬೆರಳು ಸಾರಿನಲ್ಲಿ ಅದ್ದುವುದು ಖಚಿತ. ನಾನು ಎರಡನೆಯ ಸಲ ಹೋದಾಗ ಊರಿನವರನ್ನು ನೋಡಿ ಕಲಿತದ್ದು ಇಷ್ಟು: ಬಟ್ಟಲಿನ ಬಾಯನ್ನು ಹಿಡಿಯಬಾರದು, ಎರಡೂ ಅಂಗೈಗಳನ್ನು ತಳದ ಅಂಚಿಗೆ ಕೊಟ್ಟು ಎತ್ತಬೇಕು, ಮೇಜು ಸಿಗುವ ಮೊದಲೇ ಎತ್ತಬಾರದು.

ಆ ಸಾಲಿಗೂ ಒಂದು ಹಿನ್ನೆಲೆಯಿದೆ. 1986ರಲ್ಲಿ ಆರ್ಥಿಕ ಸುಧಾರಣೆ ಬರುವವರೆಗೆ ಪಡಿತರದ ಕಾಲ. ಸರ್ಕಾರಿ ಆಹಾರದ ಅಂಗಡಿಗಳಲ್ಲಿ ಚೀಟಿ ಹಿಡಿದು ಸಾಲು ನಿಂತು ತಂದ ಫೋ ಬಟ್ಟಲಿನಲ್ಲಿ ಎಷ್ಟೋ ಸಲ ಮಾಂಸವೇ ಇರುತ್ತಿರಲಿಲ್ಲ. ಆಗ ನಗರದ ಮೇಲೆ ಹಾರುತ್ತಿದ್ದ ಅಮೆರಿಕದ ಮಾನವರಹಿತ ಬೇಹುಗಾರಿಕಾ ವಿಮಾನಗಳನ್ನು ನೆನೆದು ಹನೋಯ್ ಜನ ಅದಕ್ಕೆ ‘ಚಾಲಕನಿಲ್ಲದ ಫೋ’ ಎಂದು ಹೆಸರಿಟ್ಟಿದ್ದರು. ಆ ದಿನಗಳನ್ನು ಕಂಡ ಹಿರಿಯರು ಬಾತ್ ದಾನ್ ಸಾಲನ್ನು ಅರ್ಧ ನಗುತ್ತಾ, ಅರ್ಧ ಬೇಸರದಿಂದ ನೋಡುತ್ತಾರೆ. ಹಣ ಕೊಟ್ಟು ಸಾಲು ನಿಲ್ಲುವುದೇಕೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೆಳಿಗ್ಗೆ ಎಂಟರ ನಂತರ ಹೋದವರು ಅರ್ಧ ಗಂಟೆ ನಿಲ್ಲಲು ಸಿದ್ಧರಿರಬೇಕು. ಆದರೆ ರುಚಿಯ ಮಾತಿಗೆ ಬಂದರೆ, ಈ ಬಟ್ಟಲಿನ ಸಾರು ತುಂಬು ಮೈಯದು, ಮಾಂಸದ ಸಿಹಿ ಮುಂದಾಗಿ ಮಸಾಲೆ ಹಿಂದೆ ನಿಂತಿರುತ್ತದೆ. ಬೆಂದದ್ದು, ಹಸಿಯದ್ದು, ಎರಡೂ ಸೇರಿದ್ದು ಎಂಬಷ್ಟರ ಹೊರತು ಹೆಚ್ಚಿನ ಆಯ್ಕೆಯಿಲ್ಲ. ಬೆಂದ ಮಾಂಸದ ಬಟ್ಟಲನ್ನೇ ನಾನು ಶಿಫಾರಸು ಮಾಡುತ್ತೇನೆ, ಏಕೆಂದರೆ ಅದರಲ್ಲಿ ಸಾರು ಕದಡುವುದಿಲ್ಲ. ಹಸಿ ಹೋಳುಗಳಿಂದ ಒಸರುವ ರಸ ಸಾರನ್ನು ಸ್ವಲ್ಪ ಮಸುಕಾಗಿಸಿ ಬಿಸಿಯನ್ನೂ ಇಳಿಸುತ್ತದೆ.

ಇದಕ್ಕೆ ನೇರ ವಿರುದ್ಧವಾದ ಬಟ್ಟಲನ್ನು ತಿನ್ನಬೇಕೆಂದರೆ ಹಳೆಯ ಪೇಟೆಯನ್ನು ಬಿಟ್ಟು ಸ್ವಲ್ಪ ದಕ್ಷಿಣಕ್ಕೆ, ಲೋ ದುಕ್ ಬೀದಿಯ 13ನೇ ಸಂಖ್ಯೆಗೆ ಹೋಗಬೇಕು. 1979ರಲ್ಲಿ ಆರಂಭವಾದ ಈ ‘ಫೋ ಥಿನ್’ ಅಂಗಡಿಯ ಹೆಸರು ನಿಂತಿರುವುದೇ ತಾಯ್ ಲಾನ್ ಮೇಲೆ. ಮಾಂಸವನ್ನು ಕೊಬ್ಬು, ಬೆಳ್ಳುಳ್ಳಿಗಳೊಂದಿಗೆ ಬಾಣಲೆಗೆ ಹಾಕಿದಾಗ ಏಳುವ ಜ್ವಾಲೆ ಬೀದಿಗೂ ಕಾಣಿಸುತ್ತದೆ. ಹುರಿದ ಮಾಂಸದ ಮೇಲೆ ಈರುಳ್ಳಿ ಸೊಪ್ಪನ್ನು ಎಷ್ಟು ಸುರಿಯುತ್ತಾರೆಂದರೆ ಬಟ್ಟಲು ಮುಂದೆ ಬಂದಾಗ ಸಾರೂ ಕಾಣಿಸುವುದಿಲ್ಲ, ಎಳೆಗಳೂ ಕಾಣಿಸುವುದಿಲ್ಲ, ಹಸಿರು ಗುಡ್ಡೆಯೊಂದೇ ಕಾಣಿಸುತ್ತದೆ. ಬಾಣಲೆಯ ಜಿಡ್ಡು, ಬೆಳ್ಳುಳ್ಳಿಯ ಘಾಟು, ಸೀದ ಮಾಂಸದ ವಾಸನೆ ಇವೆಲ್ಲ ಸಾರಿಗೆ ಇಳಿದು, ಅದು ತಿಳಿಯಾಗಿ ಉಳಿಯದೆ ಮೇಲೆ ಎಣ್ಣೆಯ ಹನಿಗಳು ತೇಲುವ ಗಟ್ಟಿ ರುಚಿಯ ಸಾರಾಗುತ್ತದೆ. ಖಾರ, ಒಗ್ಗರಣೆ ಇಲ್ಲದ ಸಪ್ಪೆ ಸಾರಿಗೆ ಒಗ್ಗದ ನಮ್ಮ ಕಡೆಯ ನಾಲಿಗೆಗೆ ಮೊದಲ ದಿನ ಈ ಬಟ್ಟಲೇ ಹಿಡಿಸುತ್ತದೆ ಎಂಬುದು ನನ್ನ ಅನುಭವ. ಆದರೆ ಇದನ್ನು ತಿಂದು ಫೋ ಎಂದರೆ ಹೀಗೆಯೇ ಎಂದು ತೀರ್ಮಾನಿಸಿ ಊರಿಗೆ ಮರಳಬಾರದು. 2019ರಲ್ಲಿ ಈ ಹೆಸರಿನ ಅಂಗಡಿ ಟೋಕಿಯೋದಲ್ಲಿಯೂ ತೆರೆದು ಹೆಸರು ದೊಡ್ಡದಾದ ಮೇಲೆ, ತಾಯ್ ಲಾನ್ ಎಂಬುದು ಫೋ ಮಾಡುವ ಹಲವು ವಿಧಗಳಲ್ಲಿ ಒಂದು ಎಂಬುದು ಪ್ರವಾಸಿಗರಿಗೆ ಮರೆತೇ ಹೋದಂತಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಹೋವಾನ್ ಕಿಯೆಮ್ ಕೆರೆಯ ಎದುರು, ದಿನ್ ತಿಯೆನ್ ಹೋವಾಂಗ್ ಬೀದಿಯ 61ನೇ ಸಂಖ್ಯೆಯ ಕಿರಿದಾದ ಓಣಿಯೊಳಗೆ ಇನ್ನೊಂದು ‘ಫೋ ಥಿನ್’ ಇದೆ. ಇದು 1955ರದ್ದು, ಲೋ ದುಕ್ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ, ಇಬ್ಬರು ಸ್ಥಾಪಕರ ಹೆಸರೂ ಥಿನ್ ಆಗಿದ್ದದ್ದು ಕಾಕತಾಳೀಯ. ಕೆರೆಯ ದಡದ ಥಿನ್ ಎಂದು ಊರಿನವರು ಕರೆಯುವ ಈ ಅಂಗಡಿಯಲ್ಲಿ ಬಾಣಲೆಯ ಅಬ್ಬರವಿಲ್ಲ. ಸಾರು ಹಗುರ, ತಿಳಿ, ನಾಲಿಗೆಗೆ ಮೊದಲು ಸಪ್ಪೆ ಎನಿಸಿ ಅರ್ಧ ಬಟ್ಟಲು ಮುಗಿಯುವ ಹೊತ್ತಿಗೆ ಸಿಹಿಯಾಗಿ ತಿಳಿಯುವಂಥದು. ಟ್ಯಾಕ್ಸಿಯವರಿಗೆ ‘ಥಿನ್’ ಎಂದಷ್ಟೇ ಹೇಳಿದರೆ ಯಾವ ಅಂಗಡಿಯ ಮುಂದೆ ಇಳಿಯುತ್ತೀರಿ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಬೀದಿಯ ಹೆಸರನ್ನು ಬರೆದು ತೋರಿಸುವುದು ಒಳ್ಳೆಯದು.

ಈ ಮೂರರಲ್ಲಿ ಒಂದನ್ನೇ ಆರಿಸಬೇಕಾದವರಿಗೆ ನನ್ನ ತೀರ್ಪು ಹೀಗಿದೆ. ಹನೋಯ್ ಜನ ಫೋ ಎಂದರೆ ಏನೆಂದು ತಿಳಿಯುತ್ತಾರೆ ಎಂಬುದನ್ನು ಅರಿಯಲು ಬಾತ್ ದಾನ್. ಸಾಲು ನಿಲ್ಲಲಾಗದ ವಯಸ್ಸಾದವರು ಜೊತೆಗಿದ್ದರೆ ಅಥವಾ ಹಿಂದಿನ ರಾತ್ರಿ ಊಟ ಹೆಚ್ಚಾಗಿ ಹೊಟ್ಟೆ ಭಾರವಾಗಿದ್ದರೆ ಕೆರೆಯ ದಡದ ಥಿನ್. ಚಳಿಗಾಲದ ಮಂಜು ಕವಿದ ಬೆಳಿಗ್ಗೆ ಗಟ್ಟಿಯಾದದ್ದನ್ನೇ ತಿಂದು ಮಧ್ಯಾಹ್ನದವರೆಗೆ ತಿರುಗಾಡುವ ಯೋಜನೆಯಿದ್ದರೆ ಲೋ ದುಕ್. ಬೇಸಿಗೆಯ ಜೂನ್, ಜುಲೈಗಳ ಸೆಕೆಯಲ್ಲಿ ಲೋ ದುಕ್ ಬಟ್ಟಲನ್ನು ಮುಗಿಸುವುದು ನನ್ನಿಂದ ಒಮ್ಮೆಯೂ ಆಗಲಿಲ್ಲ.

ದನದ ಮಾಂಸ ತಿನ್ನದ ಓದುಗರು ಇಲ್ಲಿಯವರೆಗೆ ತಾಳ್ಮೆಯಿಂದ ಓದಿದ್ದರೆ ಅವರಿಗೆ ಕೃತಜ್ಞತೆ ಹೇಳಿ ಕೋಳಿಯ ವಿಷಯಕ್ಕೆ ಬರುತ್ತೇನೆ. ಕೋಳಿ ಫೋ, ಅಂದರೆ ‘ಫೋ ಗಾ’, ಹುಟ್ಟಿದ ಕಥೆ ಹೀಗೆ ಹೇಳುತ್ತಾರೆ: 1939ರ ಸುಮಾರಿಗೆ ವಾರದಲ್ಲಿ ಸೋಮವಾರ ಮತ್ತು ಶುಕ್ರವಾರ ದನದ ಮಾಂಸದ ಮಾರಾಟವನ್ನು ನಿಲ್ಲಿಸಿದಾಗ, ಗಿರಾಕಿಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದ ಅಂಗಡಿಯವರು ಆ ಎರಡು ದಿನ ಕೋಳಿಯಿಂದ ಮಾಡತೊಡಗಿದರು. ಮೊದಲಿಗೆ ಇದೂ ಒಂದು ಫೋ ಏನು ಎಂದು ಮೂಗು ಮುರಿದವರಿದ್ದರು. ಈಗ ಕೋಳಿಯೊಂದನ್ನೇ ಮಾಡುವ ಅಂಗಡಿಗಳಿಗೆ ತಮ್ಮದೇ ಆದ ಭಕ್ತವೃಂದವಿದೆ.

ಆಯ್ಕೆಯಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿಯೇ. ನಮ್ಮ ಭಾವನವರು ನನ್ನಲ್ಲಿಗೆ ಬಂದಿದ್ದಾಗ, ದನದ ಮಾಂಸ ಮುಟ್ಟದ ಅವರನ್ನು ಎರಡೂ ಬಗೆಯ ಫೋ ಮಾರುವ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯ ಹೆಸರು ಬೇಡ. ಫೋ ಗಾ ಎಂದು ಸ್ಪಷ್ಟವಾಗಿಯೇ ಹೇಳಿದೆವು, ಬಟ್ಟಲಿನಲ್ಲಿ ಕೋಳಿಯ ಮಾಂಸವೇ ಬಂತು, ಭಾವನವರು ಮೆಚ್ಚಿಕೊಂಡು ತಿಂದರು. ಕೈ ತೊಳೆಯಲು ಒಳಗೆ ಹೋದ ನನಗೆ ಕಂಡದ್ದು ಒಂದೇ ಒಂದು ಹಂಡೆ, ಅದರೊಳಗೆ ಮೊಣಕಾಲಿನಷ್ಟು ಉದ್ದದ ಎಲುಬುಗಳು. ಅವರಿಗೆ ಆ ಮಾತನ್ನು ಹೇಳಬೇಕೋ ಬೇಡವೋ ಎಂದು ಇಡೀ ದಿನ ಒದ್ದಾಡಿ ಕೊನೆಗೆ ರಾತ್ರಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಆದರೆ ಉಳಿದ ದಿನಗಳಲ್ಲಿ ಹಣ್ಣು, ಬ್ರೆಡ್ಡುಗಳ ಮೇಲೆಯೇ ಕಾಲ ಹಾಕಿದರು. ಮಾಂಸ ಕೋಳಿಯದ್ದಾದರೆ ಸಾರೂ ಕೋಳಿಯದ್ದೇ ಆಗಿರಬೇಕೆಂಬ ನಿಯಮ ಇಲ್ಲ. ಆದ್ದರಿಂದ ದನದ ಮಾಂಸ ಬೇಡದವರು ಎರಡನ್ನೂ ಮಾರುವ ಅಂಗಡಿಗೆ ಹೋಗಲೇಬಾರದು. ಫಲಕದ ಮೇಲೆ ಕೋಳಿಯ ಹೆಸರೊಂದೇ ಇರುವ, ಗಾಜಿನ ಪೆಟ್ಟಿಗೆಯಲ್ಲಿ ಬೆಂದ ಇಡೀ ಕೋಳಿಗಳನ್ನು ಸಾಲಾಗಿಟ್ಟಿರುವ ಅಂಗಡಿಯನ್ನೇ ಹುಡುಕಬೇಕು.

ಅಂಥ ಅಂಗಡಿಗಳಲ್ಲಿ ಪ್ರಸಿದ್ಧವಾದದ್ದು ಫೂ ಜ್ವಾನ್ ಬೀದಿಯ ‘ಫೋ ಗಾ ಙುಯೆತ್’. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ‘ಙ’ ಅಕ್ಷರಕ್ಕೆ ವಿಯೆಟ್ನಾಂ ಭಾಷೆಯಲ್ಲಿ ಪದದ ಆರಂಭದಲ್ಲಿಯೇ ಉದ್ಯೋಗ ಸಿಕ್ಕಿದೆ. ಸಂಜೆಯಿಂದ ರಾತ್ರಿಯವರೆಗಿನ ವ್ಯಾಪಾರಕ್ಕೆ ಹೆಸರಾದ ಇಲ್ಲಿ ತೊಡೆಯ ಮಾಂಸ, ಎದೆಯ ಮಾಂಸ ಎಂದು ಕೇಳಿ ಹಾಕಿಸಿಕೊಳ್ಳಬಹುದು. ಸಾರಿಲ್ಲದೆ ಕಲಸಿ ಕೊಡುವ ‘ಫೋ ಚೋನ್’ ಇಲ್ಲಿನ ವಿಶೇಷ. ಹುರಿದ ಕಡಲೆಕಾಯಿ ಬೀಜ, ಕರಿದ ಈರುಳ್ಳಿ, ಹುಳಿ ಸಿಹಿ ಬೆರೆತ ರಸದೊಂದಿಗೆ ಬಂದು, ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು ಸಾರನ್ನು ಬೇರೆಯೇ ಕೊಡುತ್ತಾರೆ. ಸೆಕೆಗಾಲದ ಸಂಜೆಗೆ ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನು ಕಾಣೆ.

2023ರ ಜೂನ್‌ನಲ್ಲಿ, ಉಪಾಹಾರಗೃಹಗಳಿಗೆ ದರ್ಜೆ ಕೊಡುವ ಮಿಷೆಲಿನ್ ಮಾರ್ಗದರ್ಶಿ ಹನೋಯ್‌ಗೆ ಮೊದಲ ಬಾರಿ ಬಂದಾಗ, ಕಡಿಮೆ ಬೆಲೆಗೆ ಒಳ್ಳೆಯ ಊಟ ಕೊಡುವ ಅಂಗಡಿಗಳಿಗೆಂದು ಇರುವ ಬಿಬ್ ಗೂರ್ಮಾಂಡ್ ಗುರುತನ್ನು ಬಾತ್ ದಾನ್ ಅಂಗಡಿ, ಙುಯೆತ್, ಮತ್ತು ಲೀ ಕ್ವೋಕ್ ಸು ಬೀದಿಯ 10ನೇ ಸಂಖ್ಯೆಯ ಅಂಗಡಿ ಮೊದಲಾದವು ಪಡೆದವು. ಬಾಗಿಲಲ್ಲಿ ಅಂಟಿಸಿದ ಆ ಕೆಂಪು ಫಲಕ ಒಂದು ಭರವಸೆ ನಿಜ. ಆದರೆ ಮೂರೂ ಕಡೆ ಅದೇ ಫಲಕವಿರುವಾಗ ಅವುಗಳ ನಡುವೆ ಆರಿಸುವುದಕ್ಕೆ ಅದರಿಂದ ಏನೂ ಸಹಾಯವಾಗುವುದಿಲ್ಲ. ಲೀ ಕ್ವೋಕ್ ಸು ಅಂಗಡಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಚರ್ಚಿನ ಹತ್ತಿರ, ಸ್ವಚ್ಛವಾದ ಜಾಗ, ಚಿತ್ರವಿರುವ ಮೆನು, ದಿನವಿಡೀ ತೆರೆದಿರುತ್ತದೆ, ಊರಲ್ಲಿ ಶಾಖೆಗಳೂ ಇವೆ. ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನ ಎರಡು ಗಂಟೆಗೆ ಹಸಿದು ನಿಂತವರು ಬೇರೆ ಯೋಚನೆ ಮಾಡದೆ ಇಲ್ಲಿಗೆ ಹೋಗಬಹುದು.

ಏಕೆಂದರೆ ಹೊತ್ತು ಮೀರಿದರೆ ಉಳಿದವು ಸಿಗುವುದಿಲ್ಲ. ಬಾತ್ ದಾನ್ ಅಂಗಡಿ ಬೆಳಿಗ್ಗೆ ಆರರಿಂದ ಸುಮಾರು ಹತ್ತರವರೆಗೆ, ಮತ್ತೆ ಸಂಜೆ ಆರರ ನಂತರ ತೆರೆದಿರುತ್ತದೆ. ನಡುವೆ ಹೋದವರಿಗೆ ಕಾಣುವುದು ಇಳಿಸಿದ ಷಟರ್ ಮಾತ್ರ. ಇದಕ್ಕೆ ಪೂರ್ತಿ ಹೊರತಾದದ್ದು ಹಾಂಗ್ ಚಿಯೆವ್ ಬೀದಿಯ ಮೂಲೆಯಲ್ಲಿ ನಸುಕಿನ ಮೂರರ ಸುಮಾರಿಗೆ ಹೊತ್ತಿಕೊಳ್ಳುವ ಒಲೆ. ದೋಂಗ್ ಸುವಾನ್ ಮಾರುಕಟ್ಟೆಗೆ ಮೂಟೆ ಇಳಿಸುವವರು, ರಾತ್ರಿಪಾಳಿ ಮುಗಿಸಿದವರು ಸಣ್ಣ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಳಿತು, ಬಟ್ಟಲನ್ನು ಎಷ್ಟೋ ಸಲ ಕೈಯಲ್ಲೇ ಹಿಡಿದು ತಿಂದು ಬೆಳಕು ಹರಿಯುವ ಮೊದಲೇ ಏಳುತ್ತಾರೆ. ಸಾರಿನ ಗುಣದಲ್ಲಿ ಇದು ಬಾತ್ ದಾನ್ ಅಂಗಡಿಗೆ ಸಮನಲ್ಲ ಎಂದೇ ನನ್ನ ಅಭಿಪ್ರಾಯ. ವಿಮಾನದ ಹೊತ್ತು ಕೆಟ್ಟು ನಿದ್ದೆ ಬಾರದ ಮೊದಲ ರಾತ್ರಿಗೆ ಮಾತ್ರ ಅದಕ್ಕೆ ಸಾಟಿಯಿಲ್ಲ.

‘ನಾಮ್ ದಿನ್’ ಎಂದು ಬರೆದ ಫಲಕಗಳೂ ಹೆಜ್ಜೆಗೊಂದು ಕಾಣುತ್ತವೆ. ಹನೋಯ್‌ನ ಆಗ್ನೇಯಕ್ಕಿರುವ, 2025ರವರೆಗೆ ಪ್ರತ್ಯೇಕ ಪ್ರಾಂತ್ಯವಾಗಿದ್ದ ನಾಮ್ ದಿನ್‌ನ ವಾನ್ ಕೂ ಗ್ರಾಮದ ಕೋ ಮನೆತನದವರು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಅಡ್ಡೆ ಹೊತ್ತು ರಾಜಧಾನಿಗೆ ಬಂದು ಫೋ ಮಾರಿದವರು. ತಿನಿಸು ಹುಟ್ಟಿದ್ದು ಎಲ್ಲಿ ಎಂಬ ಜಗಳದಲ್ಲಿ ಎರಡೂ ಊರುಗಳಿಗೆ ಪಾಲಿದೆ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಸಂಸ್ಕೃತಿ ಸಚಿವಾಲಯ ಫೋ ಕಲೆಯನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸುವಾಗಲೂ ಹನೋಯ್ ಫೋ, ನಾಮ್ ದಿನ್ ಫೋ ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಸೇರಿಸಿತು. ನಾಮ್ ದಿನ್ ಬಟ್ಟಲಿನಲ್ಲಿ ಮೀನಿನ ರಸದ ವಾಸನೆ ಮುಂದಾಗಿರುತ್ತದೆ. ಮೀನಿನ ವಾಸನೆಗೆ ಒಗ್ಗಿದ ಕರಾವಳಿಯ ಓದುಗರಿಗೆ ಅದು ತೊಡಕಾಗಲಾರದು. ಉಳಿದವರು ಎರಡನೆಯ ದಿನಕ್ಕೆ ಇಟ್ಟುಕೊಳ್ಳುವುದು ಲೇಸು.

ಬಟ್ಟಲು ಮುಂದೆ ಬಂದ ಮೇಲೆ ಯಾವುದನ್ನೂ ಹಾಕದೆ ಎರಡು ಚಮಚ ಸಾರನ್ನು ಕುಡಿಯಿರಿ. ಹೋಲಿಕೆ ಸಾಧ್ಯವಾಗುವುದು ಆಗ ಮಾತ್ರ. ಆಮೇಲೆ ದನದ ಮಾಂಸದ ಫೋಗೆ ಬೆಳ್ಳುಳ್ಳಿ ನೆನೆಸಿದ ವಿನೆಗರ್, ಕೋಳಿಯದ್ದಕ್ಕೆ ನಿಂಬೆ ಎಂಬುದು ಊರಿನ ಹಲವರ ಪಾಠ. ಉದ್ದನೆಯ ಕರಿದ ಹಿಟ್ಟಿನ ಕಡ್ಡಿಯಾದ ‘ಕ್ವೇ’ಯನ್ನು ಸಾರಿನಲ್ಲಿ ಅದ್ದಿ ತಿನ್ನಬೇಕು, ನಾವು ಕಾಫಿಗೆ ರಸ್ಕ್ ಅದ್ದುವ ಹಾಗೆ, ಮುಳುಗಿಸಿಟ್ಟು ಮರೆತರೆ ಮುದ್ದೆಯಾಗುತ್ತದೆ. ಮೊಳಕೆ ಕಾಳು, ತುಳಸಿಯ ಜಾತಿಯ ಸೊಪ್ಪುಗಳ ತಟ್ಟೆ, ಸಿಹಿಯಾದ ಕಪ್ಪು ಸಾಸ್ ಇಲ್ಲಿ ಬರುವುದಿಲ್ಲ. ಅವು ದಕ್ಷಿಣದ ಸೈಗಾನ್ ಪದ್ಧತಿ. 1954ರಲ್ಲಿ ದೇಶ ಇಬ್ಭಾಗವಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದರು, ಅವರೊಂದಿಗೆ ಹೋದ ಫೋ ಅಲ್ಲಿನ ಸಿಹಿ ಮತ್ತು ಸೊಪ್ಪುಗಳನ್ನು ಸೇರಿಸಿಕೊಂಡಿತು. ಅಮೆರಿಕದಲ್ಲಿರುವ ಕನ್ನಡಿಗರು ತಿಂದು ಬಲ್ಲ ಫೋ ಬಹುಪಾಲು ಈ ದಕ್ಷಿಣದ್ದೇ ಆಗಿರುವುದರಿಂದ, ಹನೋಯ್‌ನಲ್ಲಿ ತಟ್ಟೆ ತುಂಬ ಸೊಪ್ಪು ಬರಲಿಲ್ಲವೆಂದು ಅಂಗಡಿಯವರನ್ನು ಜಿಪುಣರೆಂದು ತಿಳಿಯಬಾರದು.

ಸಸ್ಯಾಹಾರಿಗಳಿಗೆ ಮೇಲಿನ ಯಾವ ಅಂಗಡಿಯೂ ಸಲ್ಲದು. ಮಾಂಸ ಬೇಡವೆಂದರೆ ಮಾಂಸವನ್ನು ತೆಗೆದು ಅದೇ ಎಲುಬಿನ ಸಾರನ್ನು ಕೊಡುತ್ತಾರೆ, ಅದೂ ಸದ್ಭಾವನೆಯಿಂದಲೇ. ಹುಡುಕಬೇಕಾದ ಪದ ‘ಚಾಯ್’. ನಮ್ಮ ಕಿವಿಗೆ ಟೀ ಎಂದು ಕೇಳಿಸಿದರೂ ಅದು ಬೌದ್ಧರ ಸಸ್ಯಾಹಾರಕ್ಕಿರುವ ಹೆಸರು. ಚಾಯ್ ಎಂದು ಬರೆದ ಉಪಾಹಾರಗೃಹಗಳಲ್ಲಿ ಅಣಬೆ, ಮೂಲಂಗಿ, ತರಕಾರಿಗಳಿಂದ ಇಳಿಸಿದ ಸಾರಿಗೆ ತೋಫು ಹಾಕಿದ ಫೋ ಸಿಗುತ್ತದೆ, ಮೀನಿನ ರಸದ ಬದಲು ಸೋಯಾ ಇರುತ್ತದೆ. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ, ಅಲ್ಲಿನ ಬಹಳ ಜನ ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಚಾಯ್ ಅಂಗಡಿಗಳು ತುಂಬಿರುತ್ತವೆ. ಅಡುಗೆಯೂ ಆ ದಿನ ಹೊಸದಾಗಿರುತ್ತದೆ.

ಹಣದ ವಿಚಾರ ಆಯ್ಕೆಯನ್ನು ಬದಲಿಸುವಷ್ಟು ದೊಡ್ಡದಲ್ಲ. ಈ ಅಂಗಡಿಗಳಲ್ಲಿ ಒಂದು ಬಟ್ಟಲಿಗೆ 50,000ದಿಂದ 1,00,000 ಡಾಂಗ್‌ವರೆಗೆ ಆಗಬಹುದು. ನೂರು ರೂಪಾಯಿಗೆ ಸುಮಾರು 30,000 ಡಾಂಗ್ ಎಂದು ಲೆಕ್ಕ ಹಾಕಿಕೊಳ್ಳಿ. ದೊಡ್ಡ ನೋಟು ಕೊಟ್ಟರೆ ಬೆಳಗಿನ ಸಾಲು ನಿಂತುಬಿಡುತ್ತದೆ, ಚಿಲ್ಲರೆ ಇಟ್ಟುಕೊಂಡಿರಬೇಕು. ಇನ್ನು ಬಾಯಿ ಬಿಟ್ಟು ಕೇಳುವುದು ಹೇಗೆಂದರೆ, ನಾವು ಫೋ ಎಂದು ಬರೆದರೂ ಅದರ ಸ್ವರ ನಮ್ಮ ‘ಅ’ಕಾರಕ್ಕೆ ಹತ್ತಿರ; ‘ಫ’ ಎಂದು ಆರಂಭಿಸಿ, ಹೌದಾ ಎಂದು ಅನುಮಾನದಿಂದ ಕೇಳುವವರ ಹಾಗೆ ದನಿಯನ್ನು ಇಳಿಸಿ ಮೇಲೆತ್ತಬೇಕು. ನನಗೆ ಅದು ಕೂಡಿಬರಲು ಎರಡು ತಿಂಗಳಾಯಿತು. ಅಲ್ಲಿಯವರೆಗೆ ಪಕ್ಕದವರ ಬಟ್ಟಲಿನ ಕಡೆಗೆ ಕೈ ತೋರಿಸಿ, ಒಂದು ಬೆರಳು ಎತ್ತುತ್ತಿದ್ದೆ.